ಎರಡು ಮೈಕ್ರೋವೋಲ್ಟಿಗೆ ಒಂದು ಗ್ರಾಂ: ತೂಗಿ ತುಂಬುವ ಯಂತ್ರವೊಂದರ ಪ್ರಕರಣ ಅಧ್ಯಯನ

ಪುಡಿಯನ್ನು ತೂಗಿ ಡಬ್ಬಿಗೆ ತುಂಬುವ ಚಿಕ್ಕ ಯಂತ್ರ ಅದು. ಮೇಲೊಂದು ಆಲಿಕೆ, ಅದರ ಬಾಯಲ್ಲಿ 12 ವೋಲ್ಟ್ ಮೋಟರಿನಿಂದ ತಿರುಗುವ ಸ್ಕ್ರೂ, ಕೆಳಗೆ ತಟ್ಟೆ, ತಟ್ಟೆಯಡಿ 5 ಕೆ.ಜಿ. ಸಾಮರ್ಥ್ಯದ ಲೋಡ್ ಸೆಲ್ (ಭಾರವನ್ನು ಚಿಕ್ಕ ವೋಲ್ಟೇಜ್ ಆಗಿ ಬದಲಿಸುವ ಸಾಧನ). ಡಬ್ಬಿಗೆ 2000 ಗ್ರಾಂ ಬಿದ್ದೊಡನೆ ಮೋಟರ್ ನಿಲ್ಲಬೇಕು, ವ್ಯತ್ಯಾಸ 10 ಗ್ರಾಂ ಮೀರಬಾರದು. ಮೇಜಿನ ಮೇಲಿಟ್ಟು ಪರೀಕ್ಷಿಸಿದಾಗ ಎಲ್ಲ ಸರಿಯಾಗಿತ್ತು. ಕೆಲಸಕ್ಕೆ ಹಚ್ಚಿದ ಮೇಲೆ ಎರಡು ದೂರು ಬಂದವು. ಪ್ರತಿ ಡಬ್ಬಿಯಲ್ಲೂ 60 ಗ್ರಾಂನಷ್ಟು ಹೆಚ್ಚು ಬೀಳುತ್ತಿತ್ತು. ಜೊತೆಗೆ, ಏನನ್ನೂ ಮುಟ್ಟದೆ ಸುಮ್ಮನೆ ಬಿಟ್ಟಾಗಲೂ ತೂಕ 12 ಗ್ರಾಂ ಮೇಲೆ, 12 ಗ್ರಾಂ ಕೆಳಗೆ ನಿಧಾನವಾಗಿ ತೂಗಾಡುತ್ತಿತ್ತು, ಯಾರೋ ತಟ್ಟೆಯನ್ನು ಮೆಲ್ಲಗೆ ಒತ್ತಿ ಬಿಡುತ್ತಿರುವ ಹಾಗೆ.

ಪರಿಹಾರವೆಂದು ಸಾಫ್ಟ್‌ವೇರ್‌ನಲ್ಲಿ ಸರಾಸರಿಗೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳನ್ನು 64ರಿಂದ 100ಕ್ಕೆ ಏರಿಸಲಾಯಿತು. ತೂಗಾಟ ತಗ್ಗಲಿಲ್ಲ, ಹೆಚ್ಚು ಬೀಳುವುದು ಇನ್ನಷ್ಟು ಹೆಚ್ಚಿತು. ಮೂರನೆಯ ದೂರೊಂದು ಹೊಸದಾಗಿ ಹುಟ್ಟಿತು: ಭಾರದ ಸ್ಟೀಲ್ ಡಬ್ಬಿ ಇಟ್ಟು ತುಂಬಿಸುವಾಗ ತೂಕ ಇದ್ದಕ್ಕಿದ್ದಂತೆ ಮೈನಸ್ 500ಕ್ಕೆ ಬಿದ್ದು ಮೋಟರ್ ನಿಲ್ಲದೇ ಹೋಯಿತು.

ಈ ಮೂರೂ ಬೇರೆ ಬೇರೆ ರೋಗಗಳು. ಅನಲಾಗ್ ಮತ್ತು ಡಿಜಿಟಲ್ ಎರಡೂ ಇರುವ ಯಂತ್ರದಲ್ಲಿ ಮೊದಲು ಕೇಳಬೇಕಾದದ್ದು ಇಷ್ಟು: ದೋಷ ಹುಟ್ಟಿದ್ದು ಎಡಿಸಿಯ (ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಭಾಗ) ಯಾವ ಬದಿಯಲ್ಲಿ? ಹುಟ್ಟಿದ ಬದಿಯಲ್ಲೇ ಅದನ್ನು ತಡೆಯಬೇಕು. ಅದನ್ನು ಕೇಳದೆ ಸರಾಸರಿ ಹೆಚ್ಚಿಸಿದ್ದರಿಂದಲೇ ಇಲ್ಲಿ ಕೆಲಸ ಕೆಟ್ಟಿತು.

ಸರ್ಕ್ಯೂಟ್ ಇದ್ದ ಬಗೆ

ಲೋಡ್ ಸೆಲ್ಲಿನೊಳಗೆ ತಲಾ 350 ಓಮ್‌ನ ನಾಲ್ಕು ಸ್ಟ್ರೇನ್ ಗೇಜ್‌ಗಳು ವ್ಹೀಟ್‌ಸ್ಟನ್ ಬ್ರಿಡ್ಜ್ ಆಗಿ ಕೂಡಿರುತ್ತವೆ. (ಈ ಜೋಡಣೆಯನ್ನು 1833ರಲ್ಲಿ ಮೊದಲು ವಿವರಿಸಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. ಅದನ್ನು 1843ರಲ್ಲಿ ಪ್ರಚಾರಕ್ಕೆ ತಂದ ಚಾರ್ಲ್ಸ್ ವ್ಹೀಟ್‌ಸ್ಟನ್ ಹೆಸರು ಉಳಿಯಿತು.) ಸೆಲ್ಲಿನ ಸಂವೇದನೆ ವೋಲ್ಟಿಗೆ 2 ಮಿಲಿವೋಲ್ಟ್. ಅಂದರೆ ಬ್ರಿಡ್ಜಿಗೆ 5 ವೋಲ್ಟ್ ಕೊಟ್ಟು ಪೂರ್ತಿ 5 ಕೆ.ಜಿ. ಹೇರಿದರೆ ಹೊರಬರುವುದು 10 ಮಿಲಿವೋಲ್ಟ್. ಅದನ್ನು 5000 ಗ್ರಾಂಗೆ ಹಂಚಿದರೆ ಗ್ರಾಂಗೆ 2 ಮೈಕ್ರೋವೋಲ್ಟ್. ಮುಂದಿನ ಎಲ್ಲ ಲೆಕ್ಕಕ್ಕೂ ಈ ಅಂಕಿಯೇ ಬುಡ.

ಮೈಕ್ರೋಕಂಟ್ರೋಲರ್ ಎಟಿಮೆಗಾ328ಪಿ, ಅದರ ಒಳಗಿನ ಎಡಿಸಿ 10 ಬಿಟ್. ಎಡಿಸಿಗೆ ಅಳತೆಗೋಲಾಗಿ ಪ್ರತ್ಯೇಕ 2.5 ವೋಲ್ಟ್ ರೆಫರೆನ್ಸ್ ಚಿಪ್ ಕೊಡಲಾಗಿತ್ತು. 2.5 ವೋಲ್ಟನ್ನು 1024 ಮೆಟ್ಟಿಲಾಗಿ ಸೀಳಿದರೆ ಒಂದು ಮೆಟ್ಟಿಲು 2.44 ಮಿಲಿವೋಲ್ಟ್. ಬ್ರಿಡ್ಜನ್ನು ನೇರವಾಗಿ ಇದಕ್ಕೆ ಜೋಡಿಸಿದರೆ 5 ಕೆ.ಜಿ.ಗೆ ಸಿಗುವುದು ನಾಲ್ಕೇ ಮೆಟ್ಟಿಲು. ಆದ್ದರಿಂದ ನಡುವೆ ಐಎನ್‌ಎ333 ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಇತ್ತು. ಅದರ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದರ) ಲೆಕ್ಕ ಹೀಗೆ: 1 ಕೂಡಿಸು 100 ಕಿಲೋಓಮ್ ಭಾಗಿಸು ಗೇನ್ ರೆಸಿಸ್ಟರ್. 499 ಓಮ್ ಹಾಕಿದ್ದರಿಂದ ಗೇನ್ 201. ಹೊರಬರುವ ವೋಲ್ಟೇಜ್ ಸೊನ್ನೆಗೆ ಅಂಟಿಕೊಳ್ಳದಿರಲೆಂದು 0.2 ವೋಲ್ಟ್ ಮೇಲೆತ್ತಲಾಗಿತ್ತು. ಎಡಿಸಿಯ ಬಾಗಿಲಲ್ಲಿ ಗ್ರಾಂಗೆ 0.403 ಮಿಲಿವೋಲ್ಟ್, ಒಂದು ಮೆಟ್ಟಿಲಿಗೆ ಸುಮಾರು 6 ಗ್ರಾಂ.

ಆಂಪ್ಲಿಫೈಯರ್ ಆಯ್ಕೆ ಸರಿಯಾಗಿಯೇ ಇತ್ತು. ಈ ಚಿಪ್‌ನ ಆಫ್‌ಸೆಟ್ ಡಿಗ್ರಿಗೆ ಹೆಚ್ಚೆಂದರೆ 0.1 ಮೈಕ್ರೋವೋಲ್ಟ್ ಸರಿಯುತ್ತದೆ. 20 ಡಿಗ್ರಿ ಬಿಸಿಯಾದರೆ 2 ಮೈಕ್ರೋವೋಲ್ಟ್, ಅಂದರೆ ಒಂದು ಗ್ರಾಂ. ಅಗ್ಗಕ್ಕೆ ಸಿಗುವ ಎಲ್‌ಎಂ358ರಿಂದ ಇದನ್ನೇ ಕಟ್ಟಿದ್ದರೆ ಡಿಗ್ರಿಗೆ 7 ಮೈಕ್ರೋವೋಲ್ಟ್‌ನಂತೆ ಅದೇ ಬಿಸಿಗೆ 70 ಗ್ರಾಂ ಸರಿಯುತ್ತಿತ್ತು. ತೂಕವೇ ಬದಲಾಯಿತೋ ಆಂಪ್ಲಿಫೈಯರ್ ಬಿಸಿಯಾಯಿತೋ ಎಂಬುದನ್ನು ಎಡಿಸಿ ದಾಟಿ ಬಂದ ಸಂಖ್ಯೆ ಹೇಳುವುದಿಲ್ಲ.

ಮೊದಲ ದೂರು: ಮೋಟರ್ ನಿಂತೊಡನೆ ತೂಕ ಏರುವುದು

ಮೋಟರ್ ತಿರುಗುವಾಗ 2000 ತೋರಿಸಿ, ನಿಂತ ಕ್ಷಣ 2050 ದಾಟುತ್ತಿತ್ತು. ಗಾಳಿಯಲ್ಲಿದ್ದ ಪುಡಿ ಬಿದ್ದದ್ದೇ ಕಾರಣ ಎಂದು ಎಲ್ಲರೂ ಭಾವಿಸಿದ್ದರು. ಅದನ್ನು ಪರೀಕ್ಷಿಸುವುದು ಸುಲಭ: ಆಲಿಕೆ ಖಾಲಿ ಮಾಡಿ, ತಟ್ಟೆಯ ಮೇಲೆ 2 ಕೆ.ಜಿ. ಬಟ್ಟಿಟ್ಟು, ಮೋಟರನ್ನು ಬರಿದೇ ಓಡಿಸುವುದು. ಪುಡಿಯೇ ಇಲ್ಲದಿದ್ದರೂ ಮೋಟರ್ ಹೊರಟೊಡನೆ ರೀಡಿಂಗ್ ಸುಮಾರು 50 ಗ್ರಾಂ ಇಳಿಯಿತು.

ಮಲ್ಟಿಮೀಟರನ್ನು 5 ವೋಲ್ಟ್ ಲೈನಿಗೆ ಹಿಡಿದಾಗ ಉತ್ತರ ಸಿಕ್ಕಿತು. ಮೋಟರ್ ಓಡುವಾಗ ಅದು 4.9ಕ್ಕೆ ಇಳಿಯುತ್ತಿತ್ತು, ಶೇ. 2ರಷ್ಟು. ಬ್ರಿಡ್ಜ್ ಕೊಡುವ ವೋಲ್ಟೇಜ್ ತನಗೆ ಬರುವ ವೋಲ್ಟೇಜಿಗೆ ಅನುಪಾತದಲ್ಲಿರುತ್ತದೆ, ಹಾಗಾಗಿ 2000 ಗ್ರಾಂನಲ್ಲಿ 40 ಗ್ರಾಂ ಕಡಿಮೆ. ಮೇಲೆತ್ತಿದ್ದ 0.2 ವೋಲ್ಟ್ ಕೂಡ ಅದೇ 5 ವೋಲ್ಟಿನಿಂದ ಬಂದದ್ದು, ಅದರಲ್ಲಿ ಇನ್ನು 10 ಗ್ರಾಂ ಕಡಿಮೆ. ಎಡಿಸಿಯ 2.5 ವೋಲ್ಟ್ ರೆಫರೆನ್ಸ್ ಮಾತ್ರ ಒಂದಿಷ್ಟೂ ಕದಲದೆ ನಿಂತಿತ್ತು. ನಿಖರವಾದ ರೆಫರೆನ್ಸ್ ಹಾಕಿದ್ದೇ ಇಲ್ಲಿ ತಪ್ಪಾಯಿತು. ಅಳೆಯುವ ಕೋಲು ಮತ್ತು ಅಳತೆಗೆ ಸಿಗುವ ವಸ್ತು ಎರಡೂ ಒಟ್ಟಿಗೆ ಕುಗ್ಗಿದರೆ ಅನುಪಾತ ಕೆಡುವುದಿಲ್ಲ. ಒಂದು ಮಾತ್ರ ಕುಗ್ಗಿದರೆ ಕೆಡುತ್ತದೆ.

ರೆಫರೆನ್ಸ್ ಚಿಪ್ ತೆಗೆದು, ಎಡಿಸಿ ರೆಫರೆನ್ಸ್ ಆಗಿ ಎವಿಸಿಸಿಯನ್ನೇ (ಮೈಕ್ರೋಕಂಟ್ರೋಲರ್ ಚಿಪ್ಪಿನ ಅನಲಾಗ್ ಭಾಗಕ್ಕೆ ಬರುವ 5 ವೋಲ್ಟ್) ಬಳಸಿ, ಬ್ರಿಡ್ಜಿಗೂ ಅದೇ ಎವಿಸಿಸಿಯಿಂದ ವೋಲ್ಟೇಜ್ ಕೊಡಲಾಯಿತು. ಪೂರ್ತಿ 5 ವೋಲ್ಟ್ ವ್ಯಾಪ್ತಿ ಸಿಕ್ಕಿದ್ದರಿಂದ ಗೇನ್ ರೆಸಿಸ್ಟರನ್ನು 249 ಓಮ್‌ಗೆ ಬದಲಿಸಿ ಗೇನ್ 402 ಮಾಡಲಾಯಿತು; ಈಗ ಗ್ರಾಂಗೆ 0.805 ಮಿಲಿವೋಲ್ಟ್. ಈ ಗೇನ್ ರೆಸಿಸ್ಟರ್ ಡಿಗ್ರಿಗೆ 25 ಪಿಪಿಎಂ (ಹತ್ತು ಲಕ್ಷದಲ್ಲಿ 25 ಪಾಲು) ಅಥವಾ ಅದಕ್ಕಿಂತ ಒಳ್ಳೆಯ ಮೆಟಲ್ ಫಿಲ್ಮ್ ಆಗಿರಲಿ. ಮೇಲೆತ್ತುವ ವೋಲ್ಟೇಜನ್ನು 0.25 ಮಾಡಿ, ಬರೇ ಡಿವೈಡರ್‌ನಿಂದ ಆಂಪ್ಲಿಫೈಯರಿನ ರೆಫ್ ಪಿನ್ನಿಗೆ ಕೊಡುವ ಬದಲು ಆಪ್‌ಆಂಪ್ ಬಫರ್ ಮೂಲಕ ಕೊಡಲಾಯಿತು. ಆ ಪಿನ್ ಎದುರು ಕಿಲೋಓಮ್‌ಗಟ್ಟಲೆ ಪ್ರತಿರೋಧ ಕಂಡರೆ ಆಂಪ್ಲಿಫೈಯರಿನ ಒಳಗಿನ ಸಮತೋಲ ಕೆಟ್ಟು, ಎರಡೂ ತಂತಿಗೆ ಸಮನಾಗಿ ಬರುವ ಗದ್ದಲವನ್ನು ತಳ್ಳಿಹಾಕುವ ಶಕ್ತಿ ಕುಸಿಯುತ್ತದೆ. ತುಂಬ ಬೋರ್ಡುಗಳಲ್ಲಿ ಕಾಣುವ ತಪ್ಪು ಇದು.

ಇಷ್ಟಾದರೂ 20 ಗ್ರಾಂ ಮೇಲ್ಪಟ್ಟು ವ್ಯತ್ಯಾಸ ಉಳಿದಿತ್ತು. ಮೋಟರಿನ 1.2 ಆಂಪಿಯರ್ ಕರೆಂಟ್ ಹಿಂದಿರುಗುವ ಗ್ರೌಂಡ್ ತಂತಿಯೂ, ಆಂಪ್ಲಿಫೈಯರ್ ಗ್ರೌಂಡಿನಿಂದ ಮೈಕ್ರೋಕಂಟ್ರೋಲರ್‌ಗೆ ಹೋಗುವ ತಂತಿಯೂ ಒಂದೇ ಆಗಿತ್ತು. ಆ ತುಂಡಿನಲ್ಲಿ 15 ಮಿಲಿಓಮ್ ಇದ್ದರೂ ಸಾಕು, 18 ಮಿಲಿವೋಲ್ಟ್ ಬೀಳುತ್ತದೆ, ತೂಕದಲ್ಲಿ ಅದು 22 ಗ್ರಾಂ. ಮೋಟರ್ ಗ್ರೌಂಡನ್ನು ಬೇರೆ ದಪ್ಪ ತಂತಿಯಲ್ಲಿ ನೇರ ಪವರ್ ಸಪ್ಲೈ ತುದಿಗೆ ಒಯ್ದ ಮೇಲೆ, 2 ಕೆ.ಜಿ. ಬಟ್ಟಿಟ್ಟು ಮೋಟರ್ ಆನ್ ಆಫ್ ಮಾಡಿದರೂ ರೀಡಿಂಗ್ ಕದಲದಾಯಿತು.

ಎರಡನೆಯ ದೂರು: ಉಸಿರಾಡುವ ತೂಕ

ಇದು ಎಲ್ಲಕ್ಕಿಂತ ಪಾಠ ಹೇಳುವ ಭಾಗ. ತೂಗಾಟದ ಅವಧಿ ಒಮ್ಮೆ 5 ಸೆಕೆಂಡ್, ಒಮ್ಮೆ 10, ಒಮ್ಮೊಮ್ಮೆ 30. ಯಂತ್ರದಲ್ಲಿ ಏನನ್ನೂ ಬದಲಿಸದೆ ಅವಧಿ ಮಾತ್ರ ಬದಲಾಗುತ್ತಿದೆ ಎಂದರೆ ಕಾರಣ ಯಂತ್ರದ ಹೊರಗಿದೆ.

ಮೊದಲು ಸೆಲ್ಲನ್ನೇ ತೆಗೆದು ನೋಡಬೇಕು. ಇಲ್ಲೊಂದು ಎಚ್ಚರಿಕೆ: ನಾಲ್ಕು ಸಾಮಾನ್ಯ ರೆಸಿಸ್ಟರ್ ಹಾಕಿ ಹುಸಿ ಬ್ರಿಡ್ಜ್ ಕಟ್ಟಬೇಡಿ. ಒಂದೇ ರೆಸಿಸ್ಟರ್ ಶೇ. 1ರಷ್ಟು ಆಚೀಚೆ ಇದ್ದರೂ 12 ಮಿಲಿವೋಲ್ಟ್‌ಗೂ ಮಿಕ್ಕು ವ್ಯತ್ಯಾಸ ಬರುತ್ತದೆ, ಅದು ಪೂರ್ತಿ 5 ಕೆ.ಜಿ.ಗಿಂತ ಹೆಚ್ಚು. ಅದರ ಬದಲು 330 ಓಮ್‌ನ ಎರಡು ರೆಸಿಸ್ಟರುಗಳ ಡಿವೈಡರ್ ಮಾಡಿ, ಆಂಪ್ಲಿಫೈಯರಿನ ಎರಡೂ ಇನ್‌ಪುಟ್‌ಗಳನ್ನು ಅದರ ನಡುಬಿಂದುವಿಗೆ ಸೇರಿಸಿ. ಎರಡಕ್ಕೂ 2.5 ವೋಲ್ಟ್ ಸಿಗುತ್ತದೆ, ವ್ಯತ್ಯಾಸ ಸೊನ್ನೆ. ಹೀಗೆ ಬೋರ್ಡಿನ ಮೇಲೆಯೇ ಜೋಡಿಸಿದಾಗ ತೂಗಾಟ ಮಾಯ. ಅದೇ ಡಿವೈಡರನ್ನು ಸೆಲ್ಲಿನ 1.5 ಮೀಟರ್ ತಂತಿಯ ತುದಿಗೆ ಒಯ್ದಾಗ ತೂಗಾಟ ಮತ್ತೆ ಹಾಜರು. ಗದ್ದಲ ಬರುತ್ತಿದ್ದದ್ದು ತಂತಿಯಿಂದ.

ತಂತಿಗೆ ಶೀಲ್ಡ್ (ಲೋಹದ ಹೊದಿಕೆ) ಇರಲಿಲ್ಲ, ಪಕ್ಕದಲ್ಲೇ ಮೇನ್ಸ್ ತಂತಿ ಓಡುತ್ತಿತ್ತು. 12 ಗ್ರಾಂ ಎಂದರೆ ಬ್ರಿಡ್ಜ್ ಬದಿಯಲ್ಲಿ 24 ಮೈಕ್ರೋವೋಲ್ಟ್, ಮೇನ್ಸಿನಿಂದ ನುಸುಳುವ ಗದ್ದಲ, ಅಂದರೆ ಹಮ್, ಅಷ್ಟಿದ್ದರೆ ಸಾಕಾಯಿತು. ಇದೇ ಬೋರ್ಡಿನ ಡಿಜಿಟಲ್ ಪಿನ್ನನ್ನು ನೋಡಿ: 5 ವೋಲ್ಟ್‌ನಲ್ಲಿ 1.5 ವೋಲ್ಟಿಗಿಂತ ಕೆಳಗಿದ್ದರೆ ಸೊನ್ನೆ, 3 ವೋಲ್ಟಿಗಿಂತ ಮೇಲಿದ್ದರೆ ಒಂದು. ಒಂದು ಇಡೀ ವೋಲ್ಟ್ ಗದ್ದಲ ಬಂದರೂ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಅನಲಾಗ್ ತಂತಿಗೆ ಆ ರಕ್ಷಣೆ ಇಲ್ಲ. ಅದರ ಮೇಲೆ ಏನು ಸೇರಿದರೂ ಅದೇ ತೂಕ.

ಆದರೆ ಮೇನ್ಸ್ 50 ಹರ್ಟ್ಸ್. ಹತ್ತು ಸೆಕೆಂಡಿನ ತೂಗಾಟ ಎಲ್ಲಿಂದ ಬಂತು? ಸಾಫ್ಟ್‌ವೇರ್ 20 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಬಾರಿ ಸ್ಯಾಂಪಲ್ ತೆಗೆಯುತ್ತಿತ್ತು. ಮೇನ್ಸ್ ಆ ಹೊತ್ತಿಗೆ 49.9 ಹರ್ಟ್ಸ್ ಇದ್ದರೆ ಪ್ರತಿ ಸ್ಯಾಂಪಲ್ ಅಲೆಯ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬೀಳುತ್ತದೆ, ಪ್ರತಿ ಸಲ ಕೂದಲೆಳೆಯಷ್ಟು ಜರುಗುತ್ತಾ. ಎರಡರ ವ್ಯತ್ಯಾಸವಾದ 0.1 ಹರ್ಟ್ಸ್, ಅಂದರೆ ಹತ್ತು ಸೆಕೆಂಡಿನ ಅಲೆ, ಸಂಖ್ಯೆಗಳಲ್ಲಿ ಮೂಡುತ್ತದೆ. ಇದೇ ಏಲಿಯಾಸಿಂಗ್. ಮೇನ್ಸ್ ಆವರ್ತನ ಆಗಾಗ ಚೂರು ಅತ್ತಿತ್ತ ಆಗುವುದರಿಂದ ತೂಗಾಟದ ಅವಧಿಯೂ ಬದಲಾಗುತ್ತಿತ್ತು.

ಖಚಿತಪಡಿಸಿಕೊಳ್ಳಲು ಒಂದೇ ಸಾಲು ಬದಲಿಸಿದರೆ ಸಾಕು. ಸ್ಯಾಂಪಲ್ ಅಂತರವನ್ನು 20ರಿಂದ 17 ಮಿಲಿಸೆಕೆಂಡಿಗೆ ಇಳಿಸಿದಾಗ ನಿಧಾನದ ತೂಗಾಟ ಹೋಗಿ, ಕಚ್ಚಾ ರೀಡಿಂಗ್‌ಗಳಲ್ಲಿ ಸೆಕೆಂಡಿಗೆ ಒಂಬತ್ತರಷ್ಟು ವೇಗದ ನಡುಕ ಬಂತು. ನಿಜವಾದ ತೂಕದ ಏರಿಳಿತವಾಗಿದ್ದರೆ ನೋಡುವ ಗತಿ ಬದಲಿಸಿದ್ದಕ್ಕೆ ಅದು ರೂಪ ಬದಲಿಸುತ್ತಿರಲಿಲ್ಲ.

100 ಸ್ಯಾಂಪಲ್‌ಗಳ ಸರಾಸರಿ ಏಕೆ ಕೈಕೊಟ್ಟಿತು ಎಂಬುದೂ ಈಗ ಸ್ಪಷ್ಟ. 100 ಸಲ 20 ಮಿಲಿಸೆಕೆಂಡ್ ಎಂದರೆ 2 ಸೆಕೆಂಡ್. ಹತ್ತು ಸೆಕೆಂಡಿನ ಅಲೆಯನ್ನು 2 ಸೆಕೆಂಡಿನ ಸರಾಸರಿ ಅಳಿಸಲಾರದು. ಸ್ಯಾಂಪಲ್ ಆದ ಕ್ಷಣದಲ್ಲೇ 50 ಹರ್ಟ್ಸಿನ ಹಮ್ ನಿಧಾನದ ತೂಕದ ವೇಷ ಹಾಕಿಕೊಂಡಿದೆ. ಆಮೇಲೆ ಯಾವ ಲೆಕ್ಕವೂ ಆ ವೇಷ ಕಳಚಲಾರದು. ಸಿಕ್ಕಿದ್ದು ವಿಳಂಬ ಮಾತ್ರ. ಸರಾಸರಿ ಒಂದು ಸೆಕೆಂಡ್ ಹಿಂದೆ ಬಿದ್ದು, ಸೆಕೆಂಡಿಗೆ 20 ಗ್ರಾಂ ಬೀಳುವಾಗ 20 ಗ್ರಾಂ ಹೆಚ್ಚು ಸುರಿಯುತ್ತಿತ್ತು.

ಹಾಗಾದರೆ ಇಡೀ ಕೆಲಸವನ್ನು ಅನಲಾಗ್ ಫಿಲ್ಟರಿಗೇ ಒಪ್ಪಿಸಿದರೆ? ಲೆಕ್ಕ ಹಾಕಿ. ಒಂದು ರೆಸಿಸ್ಟರ್ ಒಂದು ಕೆಪಾಸಿಟರ್‌ನ ಫಿಲ್ಟರ್ 50 ಹರ್ಟ್ಸನ್ನು ನೂರು ಪಟ್ಟು ತಗ್ಗಿಸಬೇಕಾದರೆ ಅದರ ಕಟ್‌ಆಫ್ 0.5 ಹರ್ಟ್ಸ್ ಇರಬೇಕು. ಟೈಮ್ ಕಾನ್‌ಸ್ಟಂಟ್ 0.32 ಸೆಕೆಂಡ್. 5000ದಲ್ಲಿ ಒಂದು ಗ್ರಾಂನಷ್ಟು ಹತ್ತಿರ ಬಂದು ನಿಲ್ಲಲು ಅದರ ಎಂಟೂವರೆ ಪಟ್ಟು, ಅಂದರೆ 2.7 ಸೆಕೆಂಡ್ ಬೇಕು. ತುಂಬುವ ಯಂತ್ರಕ್ಕೆ ಅಷ್ಟು ಕಾಯಲಾಗದು.

ಕೆಲಸ ಹಂಚಿದಾಗ ದಾರಿ ತೆರೆಯಿತು. ಎಡಿಸಿಯನ್ನು ಬಿಡುವಿಲ್ಲದೆ ಓಡಲು ಬಿಟ್ಟರೆ, ಚಿಪ್ಪಿನ ಗಡಿಯಾರದ 16 ಮೆಗಾಹರ್ಟ್ಸನ್ನು 128ರಿಂದ ಭಾಗಿಸಿ 125 ಕಿಲೋಹರ್ಟ್ಸ್, ಒಂದು ಪರಿವರ್ತನೆಗೆ 13 ಗಡಿಯಾರ ಮಿಡಿತ, ಅಂದರೆ 104 ಮೈಕ್ರೋಸೆಕೆಂಡ್. 960 ಸ್ಯಾಂಪಲ್‌ಗಳಿಗೆ 99.84 ಮಿಲಿಸೆಕೆಂಡ್. ಈ 100 ಮಿಲಿಸೆಕೆಂಡಿನಲ್ಲಿ 50 ಹರ್ಟ್ಸಿನ ಐದು ಪೂರ್ಣ ಅಲೆಗಳೂ, 60 ಹರ್ಟ್ಸಿನ ಆರು ಪೂರ್ಣ ಅಲೆಗಳೂ ಹಿಡಿಯುತ್ತವೆ. ಪೂರ್ಣ ಅಲೆಯ ಸರಾಸರಿ ಸೊನ್ನೆ. ಹಮ್ ಎಲ್ಲಿದ್ದರೂ ಸಾಯುತ್ತದೆ, ಕಾಯಬೇಕಾದದ್ದು ಬರೇ 0.1 ಸೆಕೆಂಡ್. ಇಷ್ಟು ಕರಾರುವಾಕ್ಕಾದ ಕೆಲಸ ಕೆಪಾಸಿಟರಿನಿಂದ ಆಗುವಂಥದ್ದಲ್ಲ.

ಅನಲಾಗ್ ಫಿಲ್ಟರಿಗೆ ಉಳಿದದ್ದು ಅದಕ್ಕೆ ಮಾತ್ರ ಸಾಧ್ಯವಾದ ಕೆಲಸ: ಸೆಕೆಂಡಿಗೆ 9615 ಎಂಬ ಹೊಸ ಸ್ಯಾಂಪಲ್ ಗತಿಯ ಸುತ್ತಮುತ್ತ ಇರುವ ಗದ್ದಲ ಎಡಿಸಿಯನ್ನು ಮುಟ್ಟದಂತೆ ತಡೆಯುವುದು. ಆಂಪ್ಲಿಫೈಯರ್ ನಂತರ 10 ಕಿಲೋಓಮ್, 1 ಮೈಕ್ರೋಫ್ಯಾರಡ್ ಹಾಕಿದರೆ ಕಟ್‌ಆಫ್ 16 ಹರ್ಟ್ಸ್. 9615 ಹರ್ಟ್ಸಿನಲ್ಲಿ ಅದು 600 ಪಟ್ಟು ತಗ್ಗಿಸುತ್ತದೆ, 85 ಮಿಲಿಸೆಕೆಂಡಿನಲ್ಲಿ ನೆಲೆಗೊಳ್ಳುತ್ತದೆ. ಈ ಕೆಪಾಸಿಟರ್ ಪಾಲಿಯೆಸ್ಟರ್ ಫಿಲ್ಮ್ ಆಗಿರಲಿ. ಎಕ್ಸ್7ಆರ್ ಸೆರಾಮಿಕ್‌ನಲ್ಲಿ ಅದುರಿಕೆಯೇ ವೋಲ್ಟೇಜ್ ಆಗಿ ಮೂಡುತ್ತದೆ, ಇಲ್ಲಿ ಪಕ್ಕದಲ್ಲೇ ಮೋಟರ್ ಇದೆ.

ಆಂಪ್ಲಿಫೈಯರಿನ ಮುಂದೆಯೂ ಚಿಕ್ಕ ಫಿಲ್ಟರ್ ಬೇಕು: ಎರಡೂ ಇನ್‌ಪುಟ್‌ಗೆ ತಲಾ 1 ಕಿಲೋಓಮ್, ಇನ್‌ಪುಟ್‌ಗಳ ನಡುವೆ 100 ನ್ಯಾನೋಫ್ಯಾರಡ್, ಪ್ರತಿಯೊಂದರಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡ್. ನಡುವಿನದು ಗ್ರೌಂಡಿಗೆ ಹೋಗುವವಕ್ಕಿಂತ ಹತ್ತು ಪಟ್ಟು ದೊಡ್ಡದಿರುವುದು ಸುಮ್ಮನೆ ಅಲ್ಲ. ಗ್ರೌಂಡಿನ ಎರಡು ಕೆಪಾಸಿಟರುಗಳು ಒಂದಕ್ಕೊಂದು ಸಮ ಇಲ್ಲದಿದ್ದರೆ ಎರಡೂ ತಂತಿಯ ಸಮಾನ ಗದ್ದಲ ವ್ಯತ್ಯಾಸವಾಗಿ ಬದಲಾಗುತ್ತದೆ. ನಡುವಿನ ದೊಡ್ಡ ಕೆಪಾಸಿಟರ್ ಅದನ್ನು ನುಂಗುತ್ತದೆ. ತಂತಿಯನ್ನು ಶೀಲ್ಡ್ ಇರುವ, ಹೆಣೆದ ಜೋಡಿಗೆ ಬದಲಿಸಿ, ಶೀಲ್ಡನ್ನು ಬೋರ್ಡಿನ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಲಾಯಿತು.

ಮೂರನೆಯ ದೂರು: ಮೈನಸ್ 500

ಬೇಗ ಬಗೆಹರಿದದ್ದು ಇದು. ಮೊತ್ತ ಇಟ್ಟುಕೊಳ್ಳುವ ಚರ (ವೇರಿಯಬಲ್) 16 ಬಿಟ್ ಇತ್ತು, ಅದರಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 65,535. ಎಡಿಸಿಯ ಗರಿಷ್ಠ ರೀಡಿಂಗ್ 1023. 64 ಸಲ ಕೂಡಿಸಿದರೆ 65,472, ಹಿಡಿಯುತ್ತದೆ. 100 ಸಲ ಕೂಡಿಸಿದರೆ 1,02,300. ಸರಾಸರಿ 655 ದಾಟಿದೊಡನೆ ಮೊತ್ತ ತುಳುಕಿ ಸೊನ್ನೆಯಿಂದ ಮತ್ತೆ ಶುರು. ಹಳೆಯ ಸರ್ಕ್ಯೂಟಿನಲ್ಲಿ 655 ಎಂದರೆ 1.6 ವೋಲ್ಟ್, ಅಂದರೆ 3475 ಗ್ರಾಂ. ಡಬ್ಬಿಯೇ 1600 ಗ್ರಾಂ ಇದ್ದದ್ದರಿಂದ ಪುಡಿ 2000 ಮುಟ್ಟುವ ಮುಂಚೆಯೇ ಆ ಗಡಿ ಬರುತ್ತಿತ್ತು.

ಅನಲಾಗ್ ದೋಷ ಮೆಲ್ಲಗೆ ಹದಗೆಡುತ್ತದೆ, ಎರಡು ಗ್ರಾಂ, ಹತ್ತು ಗ್ರಾಂ ಎಂದು ಸುಳಿವು ಕೊಡುತ್ತದೆ. ಡಿಜಿಟಲ್ ದೋಷ 3474 ಗ್ರಾಂವರೆಗೆ ಕಳಂಕವಿಲ್ಲದೆ ನಡೆದು, ಮುಂದಿನ ಹೆಜ್ಜೆಯಲ್ಲಿ ನಾಲ್ಕು ಕೆ.ಜಿ. ತಪ್ಪುತ್ತದೆ. ಹೀಗಾಗಿ ಸಾಫ್ಟ್‌ವೇರ್ ಬದಲಿಸಿದಾಗಲೆಲ್ಲ ಸೊನ್ನೆ, ನಡು ಮತ್ತು ಪೂರ್ತಿ 5 ಕೆ.ಜಿ. ಮೂರನ್ನೂ ಇಟ್ಟು ನೋಡಲೇಬೇಕು. ಹೊಸ 960 ಸ್ಯಾಂಪಲ್‌ಗಳ ಮೊತ್ತ 9,82,080ರವರೆಗೆ ಹೋಗುತ್ತದೆ, 32 ಬಿಟ್ ಚರ ಕಡ್ಡಾಯ.

ಶುದ್ಧವಾದದ್ದೇ ತೊಡಕಾದ ಬಗೆ

ಎಲ್ಲ ಸರಿಪಡಿಸಿದ ಮೇಲೆ ಯಾರೂ ನಿರೀಕ್ಷಿಸದ ತೊಂದರೆ ಬಂತು. ತೂಕ ಬಂಡೆಯಂತೆ ನಿಂತಿತು, ಆದರೆ 6 ಗ್ರಾಂ ಮೆಟ್ಟಿಲುಗಳಲ್ಲಿ ಮಾತ್ರ ಚಲಿಸಿತು. 960 ಸ್ಯಾಂಪಲ್‌ಗಳ ಸರಾಸರಿಯಿಂದ ಮೆಟ್ಟಿಲಿನ ನಡುವಿನ ಬೆಲೆ ಸಿಗಬೇಕಿತ್ತಲ್ಲ? ಕಚ್ಚಾ ರೀಡಿಂಗ್ ತೆರೆದು ನೋಡಿದರೆ 960 ಸಲವೂ ಒಂದೇ ಸಂಖ್ಯೆ. ಒಂದೇ ಸಂಖ್ಯೆಯನ್ನು ಎಷ್ಟು ಸಲ ಕೂಡಿಸಿ ಭಾಗಿಸಿದರೂ ಬರುವುದು ಅದೇ.

ಮೆಟ್ಟಿಲು 4.88 ಮಿಲಿವೋಲ್ಟ್, ಫಿಲ್ಟರ್ ದಾಟಿ ಬರುವ ಗದ್ದಲ 0.1 ಮಿಲಿವೋಲ್ಟ್. ಸಿಗ್ನಲ್ ಮೆಟ್ಟಿಲಿನ ಅಂಚು ದಾಟುವುದೇ ಇಲ್ಲ. ಹಳೆಯ ಯಂತ್ರದಲ್ಲಿ ಹಮ್ ಎರಡು ಮೆಟ್ಟಿಲಿನಷ್ಟು ಅಲುಗಾಡಿಸುತ್ತಿದ್ದದ್ದರಿಂದ ಈ ಕೊರತೆ ಕಾಣಿಸಿರಲಿಲ್ಲ.

ಆದ್ದರಿಂದ ಲೆಕ್ಕಕ್ಕೆ ಸಿಗುವ ಗದ್ದಲವನ್ನು ಬೇಕೆಂದೇ ಸೇರಿಸಲಾಯಿತು. ಇದಕ್ಕೆ ಡಿದರ್ ಎನ್ನುತ್ತಾರೆ. ಒಂದು ಡಿಜಿಟಲ್ ಪಿನ್ನಿನಿಂದ 620 ಕಿಲೋಓಮ್ ರೆಸಿಸ್ಟರ್ ಮೂಲಕ ಎಡಿಸಿ ಇನ್‌ಪುಟ್‌ನ 1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ತಂತಿ ಎಳೆದು, ಎಡಿಸಿ ಇಂಟರಪ್ಟಿನಲ್ಲಿ (ಪ್ರತಿ ಪರಿವರ್ತನೆ ಮುಗಿದೊಡನೆ ಓಡುವ ಚಿಕ್ಕ ಪ್ರೋಗ್ರಾಂ) 24 ಪರಿವರ್ತನೆಗೊಮ್ಮೆ ಪಿನ್ನನ್ನು ತಿರುವಿಹಾಕುವುದು. 5 ಮಿಲಿಸೆಕೆಂಡಿನ ಚೌಕ ಅಲೆ ಕೆಪಾಸಿಟರಿನ ಮೇಲೆ ತ್ರಿಕೋನವಾಗಿ, ತುದಿಯಿಂದ ತುದಿಗೆ 10 ಮಿಲಿವೋಲ್ಟ್, ಅಂದರೆ ಎರಡು ಮೆಟ್ಟಿಲಿನಷ್ಟು ಏರಿಳಿಯುತ್ತದೆ. ಒಂದು ಸುತ್ತಿಗೆ 48 ಸ್ಯಾಂಪಲ್, 960ರಲ್ಲಿ ಸರಿಯಾಗಿ 20 ಸುತ್ತು. ಸರಾಸರಿಯಲ್ಲಿ ತ್ರಿಕೋನದ ಕುರುಹೂ ಉಳಿಯುವುದಿಲ್ಲ. ಪ್ರದರ್ಶನ ಈಗ ಅರ್ಧ ಗ್ರಾಂನಷ್ಟು ಸೂಕ್ಷ್ಮ. ಆ ರೆಸಿಸ್ಟರ್ ಗೇನನ್ನು ಶೇ. 1.6ರಷ್ಟು ತಗ್ಗಿಸುತ್ತದೆ, ಸೊನ್ನೆಯನ್ನೂ ಚೂರು ಸರಿಸುತ್ತದೆ. ಎರಡೂ ಸ್ಥಿರವಾದ್ದರಿಂದ ಕ್ಯಾಲಿಬ್ರೇಶನ್‌ನಲ್ಲಿ ಕರಗುತ್ತವೆ.

ಕ್ಯಾಲಿಬ್ರೇಶನ್ ಸಂಪೂರ್ಣ ಡಿಜಿಟಲ್ ಕೆಲಸ. ತಿರುಪಿ ಹೊಂದಿಸುವ ಪ್ರಿಸೆಟ್‌ಗಳು ಅದುರಿಕೆಗೆ, ಧೂಳಿಗೆ ಜಾಗ ಬಿಡುತ್ತವೆ. ಇಲ್ಲಿ ಅವು ಬೇಡ. ಖಾಲಿ ತಟ್ಟೆಯ ಸಂಖ್ಯೆ, 2 ಕೆ.ಜಿ. ಬಟ್ಟಿನ ಸಂಖ್ಯೆ, ಈ ಎರಡನ್ನು ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಬರೆದಿಟ್ಟರೆ ಆಯಿತು. ಬಟನ್ ಒತ್ತಿದಾಗ ಮಾತ್ರ ಬರೆಯಿರಿ. ಆ ಇಇಪ್ರಾಮ್‌ಗೆ ಖಾತರಿ 1,00,000 ಬರಹ. ಪ್ರತಿ ರೀಡಿಂಗಿಗೂ ಬರೆದರೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಗಾಳಿಯಲ್ಲಿ ಉಳಿಯುವ ಪುಡಿಯ ಕೆಲವು ಗ್ರಾಂಗಳನ್ನೂ ಸಾಫ್ಟ್‌ವೇರ್‌ನಲ್ಲೇ ಮುಂಗಡವಾಗಿ ಕಳೆಯಲಾಗುತ್ತದೆ. ಸೊನ್ನೆಯನ್ನು ತಾನಾಗಿ ಸರಿಪಡಿಸಿಕೊಳ್ಳುವ ಸೌಲಭ್ಯವನ್ನು ಮೋಟರ್ ಓಡುವಾಗ ಕಡ್ಡಾಯವಾಗಿ ನಿಲ್ಲಿಸಬೇಕು. ಇಲ್ಲದಿದ್ದರೆ ಡಬ್ಬಿಗೆ ಮೊದಮೊದಲು ನಿಧಾನವಾಗಿ ಬೀಳುವ ಪುಡಿಯನ್ನು ಅದು ಸೊನ್ನೆಯೇ ಸರಿದದ್ದೆಂದು ತಿಳಿದು ನುಂಗಿಬಿಡುತ್ತದೆ.

ಈ ವಿನ್ಯಾಸಕ್ಕೆ ಒಂದು ಮಿತಿಯಿದೆ. ಸರಾಸರಿ ಮತ್ತು ಡಿದರ್ ಸೂಕ್ಷ್ಮತೆಯನ್ನು ಕೊಡುತ್ತವೆ, ಎಡಿಸಿಯ ಓರೆಕೋರೆಯನ್ನು ತಿದ್ದುವುದಿಲ್ಲ. ಇದರ ರೇಖೀಯತೆಯ ದೋಷ ಅರ್ಧ ಮೆಟ್ಟಿಲು, ಅಂದರೆ 3 ಗ್ರಾಂ. 10 ಗ್ರಾಂ ಅಳತೆಗೆ ಅದು ಸಾಕು. ಇಡೀ ವ್ಯಾಪ್ತಿಯಲ್ಲಿ ಒಂದೇ ಗ್ರಾಂ ನಿಖರತೆ ಬೇಕೆಂದರೆ ಎಚ್‌ಎಕ್ಸ್711ನಂಥ 24 ಬಿಟ್ ಚಿಪ್ ಬಳಸಿ. 128ರ ಗೇನ್ ಅದರೊಳಗೇ ಇದೆ. ಸೆಕೆಂಡಿಗೆ 10 ರೀಡಿಂಗ್ ಗತಿಯಲ್ಲಿಟ್ಟರೆ ಮಾತ್ರ ಅದು 50, 60 ಹರ್ಟ್ಸನ್ನು ತಡೆಯುತ್ತದೆ, ಆದರೆ ನೆಲೆಗೊಳ್ಳಲು 0.4 ಸೆಕೆಂಡ್ ಬೇಡುತ್ತದೆ. ಅದರ ಕ್ಲಾಕ್ ಪಿನ್ 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲಿದ್ದರೆ ಚಿಪ್ ನಿದ್ರೆಗೆ ಜಾರುತ್ತದೆ. ಓದುವ ನಡುವೆ ಉದ್ದನೆಯ ಇಂಟರಪ್ಟ್ ಬಂದರೆ ಹೀಗಾಗಿ ರೀಡಿಂಗ್ ಕೆಡುತ್ತದೆ. ಪ್ರತಿ ಪಲ್ಸ್ ಮೇಲಿರುವಷ್ಟು ಹೊತ್ತು ಇಂಟರಪ್ಟ್ ಮುಚ್ಚಿ, ಇಳಿದೊಡನೆ ತೆರೆಯಿರಿ.